ಜಗಲಿಯ ಹಾಜರಿ

೯ ಜುಲೈ ೧೯೪೬, ಮಂಗಳವಾರ.

ಮಾರಕ್ಕ ಶಾಲೆಗೆ ಬರದೆ ಇವತ್ತಿಗೆ ಎಂಟು ದಿನ. ರಾಗಿ ಬಿತ್ತನೆಗೆಂದು ಅವ್ವನೇ ಹೊಲಕ್ಕೆ ಎಳೆದುಕೊಂಡು ಹೋಗಿರಬೇಕು ಅಂತ ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಸಂಜೆ ಕೇರಿಗೇ ಹೋಗಿ ಕೇಳಿದೆ.

"ನಾನ್ಯಾಕೆ ಬಿಡಿಸ್ಲಿ ಸಾಮಿ," ಅಂದಳು ಅವಳ ತಾಯಿ ಬೈರಮ್ಮ. "ಮೊದಮೊದ್ಲು ಮಲಗೋ ಮುಂಚೆ 'ಹಾಜರ್ ಸಾರ್, ಹಾಜರ್ ಸಾರ್' ಅಂತ ಬಾಯಿಪಾಠ ಮಾಡೋಳು. ಈಗ ಒಲ್ಲೆ ಅಂತಾವ್ಳೆ."

ಮಗು ಅವ್ವನ ಸೆರಗಿನ ಹಿಂದಿನಿಂದಲೇ ಹೇಳಿತು: "ಒಳಗಿರೋರ್ನ ಹೆಸ್ರು ಹಿಡ್ದು ಕೂಗ್ತೀರ. ನಮ್ಮನ್ನ ಬರೀ ಎಣಿಸ್ತೀರ."

ನಿಜ. ಕೇರಿಯ ನಾಲ್ಕು ಮಕ್ಕಳನ್ನು ಜಗಲಿಯಲ್ಲಿ ಕೂರಿಸುವುದು, ಬಾಗಿಲಿಂದಲೇ ತಲೆ ಎಣಿಸಿ ಹಾಜರಿ ಹಾಕುವುದು, ಎರಡೂ ಹಿಂದಿನ ಮೇಷ್ಟ್ರ ಕಾಲದ ರೂಢಿ. ನಾನೂ ಹಾಗೇ ಮಾಡಿಕೊಂಡು ಬಂದೆ. ಆ ಕೂಸು ಹೇಳಬೇಕಾದ ಮಾತನ್ನು ಬಾಯಲ್ಲಿಟ್ಟುಕೊಂಡು ದಿನಾ ಕಾದು ಕೂತಿತ್ತಲ್ಲ.

ಅಲ್ಲೇ ಅಂಗಳದಲ್ಲಿ, ಶಾಲೆಯಲ್ಲಿ ಕೂಗುವ ದನಿಯಲ್ಲೇ, "ಮಾರಕ್ಕ" ಅಂದೆ. ಸೆರಗಿನ ಅಂಚಿನಲ್ಲಿ ಒಂದು ಕಣ್ಣು ಮಾತ್ರ ಕಾಣಿಸಿತು. ನಾಳೆ ಎಲ್ಲರಿಗಿಂತ ಮೊದಲು ನಿನ್ನ ಹೆಸರೇ ಕೂಗ್ತೀನಿ, ಬಾರವ್ವ, ಅಂತ ಹೇಳಿ ಬಂದೆ.

ನಾಳೆ ನಾಲ್ವರನ್ನೂ ಒಳಗೇ ಕೂರಿಸುತ್ತೇನೆ. ಊರವರು ಕೇಳಲು ಬಂದರೆ ಬರಲಿ. ಹಾಜರಿ ಪುಸ್ತಕ ನೋಡದೆಯೇ ಕೂಗಬೇಕು ಅನ್ನಿಸಿ ಹೆಸರುಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಮಾರಕ್ಕ. ಮುನಿಯ. ತಿಮ್ಮಕ್ಕ. ಆಮೇಲೆ ಕಂಬಕ್ಕೆ ಒರಗಿ ಕೂರುತ್ತದಲ್ಲ, ದಿನಾ ನನ್ನನ್ನು ಕಂಡ ಕೂಡಲೇ ನಗುತ್ತದೆ, ಆ ಮಗು, ಅದರ ಹೆಸರು