ನೀನು ಕಟ್ಟಿ ಬಂದ ಫೀಸು

ಮಲ್ಕಪ್ಪಣ್ಣ,

ಬುಟ್ಟಿಯಲ್ಲಿ ರೊಟ್ಟಿ ಇವೆ, ಪುಂಡಿಪಲ್ಯ ಒಲೆಯ ಮೇಲಿದೆ. ಕುರಿಗಳನ್ನು ಕಾಲುವೆಗೆ ಮೆಟ್ಟಿಲಿದ್ದ ಕಡೆಯೇ ಇಳಿಸು, ಬೇರೆ ಕಡೆ ಜಾರುತ್ತದೆ. ನಾನು ದೋರನಹಳ್ಳಿಗೆ, ಲಾಲಮ್ಮನ ಮನೆಗೆ ಹೊರಟಿದ್ದೇನೆ. ನಿನ್ನನ್ನು ಎಬ್ಬಿಸಿದ್ದರೆ ಜಗಳವಾಗುತ್ತಿತ್ತು.

ಸರ್ಕಾರಿ ಐಟಿಐಯಲ್ಲಿ ಏರಿಸಿದ ಫೀಸು ಇಳಿಸುವ ತನಕ ಯಾರೂ ಕಟ್ಟಬಾರದು ಎಂದು ಹುಡುಗಿಯರಿಂದ ಆಣೆ ಮಾಡಿಸಿದವಳು ನಾನೇ. ನೀನು ನನ್ನನ್ನು ಒಂದು ಮಾತು ಕೇಳದೆ ನನ್ನ ಫೀಸು ಕಟ್ಟಿ ಬಂದೆ. ನಿನ್ನೆ ಪ್ರಿನ್ಸಿಪಾಲರು ನಾವು ಧರಣಿ ಕೂತಿದ್ದ ಗೇಟಿಗೆ ಬಂದು, "ನಿಮ್ಮ ಲೀಡರ್ ಶಂಕ್ರಮ್ಮಂದು ಮೊದ್ಲೇ ಜಮಾ ಆಗ್ಯದ. ನೀವ್ಯಾಕ ಬಿಸಿಲಾಗ ಕುಂತೀರಿ?" ಎಂದು ನಕ್ಕರು. ನನಗೆ ಗೊತ್ತಿಲ್ಲ ಎಂದರೆ ಯಾರು ನಂಬುತ್ತಾರೆ? ಒಬ್ಬೊಬ್ಬರೇ ಎದ್ದು, ನನ್ನ ಮುಖ ನೋಡದೆ ಒಳಗೆ ಹೋಗಿ ಕಟ್ಟಿದರು. ಕಟ್ಟಲು ಕೈಯಲ್ಲಿ ಏನೂ ಇಲ್ಲದ ಲಾಲಮ್ಮ ಮಾತ್ರ ಉಳಿದಳು. ಸಂಜೆ ಐಟಿಐಯ ವೆಲ್ಡಿಂಗ್ ಕನ್ನಡಕ ವಾಪಸು ಕೊಟ್ಟುಬಿಟ್ಟಳು. ಇವತ್ತಿನಿಂದ ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಾಳಂತೆ.

ಅವಳನ್ನು ಕರೆತರಲು ಹೊರಟಿಲ್ಲ, ಅವಳು ಬರುವುದಿಲ್ಲ. ಅವಳವ್ವನ ಮುಂದೆ ನಿಂತು ಬೈಸಿಕೊಂಡು ಬರಬೇಕಿದೆ.

ನನ್ನ ಓದು ನಿಲ್ಲಬಾರದು ಎಂದೇ ಕಟ್ಟಿದ್ದೀ, ಗೊತ್ತು. ಅದಕ್ಕೇ ನಿನ್ನನ್ನು ಮನಸಾರೆ ಬೈಯಲೂ ಆಗುತ್ತಿಲ್ಲ. ಮಧ್ಯಾಹ್ನ ಅವ್ವನಿಗೆ ಗುಳಿಗೆ ಕೊಡು.

ನಿನ್ನೆ ಬಸ್ ಸ್ಟ್ಯಾಂಡಿನಲ್ಲಿ ಲಾಲಮ್ಮನ ಕೈ ಹಿಡಿದು, "ನಮ್ಮಣ್ಣ ಹಿಂಗ ಮಾಡ್ಯಾನ. ಖರೇನ ನನಗ ಗೊತ್ತಿದ್ದಿಲ್ಲ" ಎಂದೆ. ಅವಳು ನಿನ್ನನ್ನು ಬೈಯಲಿಲ್ಲ.

"ನನಗೂ ಅಣ್ಣ ಇದ್ದಿದ್ರ ಕಟ್ತಿದ್ದ ಬಿಡು" ಎಂದು ಬಸ್ಸು ಹತ್ತಿದಳು.

ಶಂಕ್ರಮ್ಮ