ವಿಮಾನ ದರದ ಅಧ್ಯಾಯವನ್ನು ಕಿತ್ತುಹಾಕಲಾರೆ

ಅರ್ಥಶಾಸ್ತ್ರ ವಿಭಾಗದ ಮಾನ್ಯ ಮುಖ್ಯಸ್ಥರೇ,

ನನ್ನ ಪ್ರಬಂಧದಲ್ಲಿ ವಿಮಾನ ದರಗಳ ಕುರಿತ ಅಧ್ಯಾಯವನ್ನು ತೆಗೆಯದಿದ್ದರೆ ಪದವಿಯ ಆಸೆ ಬಿಡಬೇಕೆಂದು ನೀವು ಹೇಳಿದ್ದೀರಿ. ತೆಗೆಯುವುದಿಲ್ಲ. ಇದನ್ನು ನಿಮ್ಮ ಕೊಠಡಿಯಲ್ಲೇ ಹೇಳಿದ್ದೆ, ಈಗ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಕನ್ನಡದಲ್ಲೇ ಏಕೆಂದರೆ, ನಿಮ್ಮ ಇಮೇಲ್ ಸೌಜನ್ಯದ ಇಂಗ್ಲಿಷಿನಲ್ಲಿತ್ತು. ಬೆದರಿಕೆ ಮಾತ್ರ ನಮ್ಮ ಉಡುಪಿಯ ಕನ್ನಡದಲ್ಲಿತ್ತು.

ಬೆಲೆ ಎಷ್ಟೇ ಏರಿದರೂ ಕೊಳ್ಳದೆ ವಿಧಿಯಿಲ್ಲದವರ ಬೇಡಿಕೆ ಕುಗ್ಗುವುದಿಲ್ಲ ಎಂದು ಮೊದಲ ವರ್ಷ ನಮಗೆ ಕಲಿಸಿದವರು ನೀವೇ. ಉದಾಹರಣೆಗೆ ಉಪ್ಪು, ಔಷಧಿ ಎಂದಿರಿ. ನನಗೆ ಉದಾಹರಣೆ ಮಸ್ಕತ್ತಿನ ದಾರ್ಸೈಟ್‌ನ ನಮ್ಮ ಎದುರಿನ ಫ್ಲ್ಯಾಟಿನಲ್ಲೇ ಸಿಕ್ಕಿತು. ಅಲ್ಲಿರುವ ಆಸಿಯಮ್ಮನವರ ತಾಯಿ ಉಳ್ಳಾಲದಲ್ಲಿ ಕೊನೆಯುಸಿರೆಳೆಯುವ ಸ್ಥಿತಿಯಲ್ಲಿದ್ದಾರೆಂದು ಒಂದು ಬೆಳಿಗ್ಗೆ ಫೋನ್ ಬಂತು. ಆಸಿಯಮ್ಮನ ಮಗ ಮಹ್ರೂಫ್ ದೂರದ ಸುವೈಕ್‌ನ ಅಂಗಡಿ ಮುಚ್ಚಿ ಓಡಿಬಂದ. ಮಂಗಳೂರಿನ ಟಿಕೆಟ್ ಹುಡುಕುತ್ತಾ ನಮ್ಮ ಸೋಫಾದಲ್ಲೇ ಕೂತ. ಪ್ರತಿ ಸಲ ನೋಡುವಾಗಲೂ ದರ ಏರಿತ್ತು. "ಸ್ವಲ್ಪ ಕಾಯುವ, ಇಳಿಯಬಹುದು" ಎಂದ. ಇಳಿಯಲಿಲ್ಲ, ಸೀಟೂ ಹೋಯಿತು. ಕೊನೆಗೆ ಸುತ್ತುಬಳಸಿನ ವಿಮಾನದಲ್ಲಿ ಆಸಿಯಮ್ಮ ಹೊರಟರು. ಕೊಚ್ಚಿಯ ನಿಲ್ದಾಣದಲ್ಲಿ ಮುಂದಿನ ವಿಮಾನಕ್ಕೆ ಕಾಯುತ್ತಿದ್ದಾಗ ಅತ್ತ ತಾಯಿಯನ್ನು ಮಣ್ಣು ಮಾಡಿದರು. ಊರಿಗೆ ತಲುಪಿದ ಮಗಳಿಗೆ ಹಸಿ ಮಣ್ಣಿನ ದಿಬ್ಬ ತೋರಿಸಿದರು.

ಅಂದಿನಿಂದ ಮಸ್ಕತ್-ಮಂಗಳೂರು ಮಾರ್ಗದ ಇಡೀ ಋತುವಿನ ದರಗಳನ್ನು ಕಲೆಹಾಕಿದೆ. ಅಷ್ಟೇ ದೂರದ ಬೇರೆ ಮಾರ್ಗಗಳೊಂದಿಗೆ ಹೋಲಿಸಿದೆ. ಹೊರಡಲೇಬೇಕಾದವರು ಹೆಚ್ಚಿರುವ ಮಾರ್ಗದಲ್ಲಿ ಕೊನೆಗಳಿಗೆಯ ದರ ಹೇಗೆ ಜಿಗಿಯುತ್ತದೆಂದು ಬರೆದೆ. ನೀವು ಓದಿ ನನ್ನನ್ನು ಕರೆಸಿದಿರಿ.

"ಕಣ್ಣೀರು ಡೇಟಾ ಅಲ್ಲ ಜೊವಿಟಾ. ಇದು ಅರ್ಥಶಾಸ್ತ್ರವೂ ಅಲ್ಲ," ಎಂದಿರಿ.

"ಸರಿ ಸರ್, ಆಸಿಯಮ್ಮನ ಪುಟ ತೆಗೀತೇನೆ. ಕೋಷ್ಟಕಗಳು ಇರಲಿ," ಎಂದೆ.

ನೀವು ಎದ್ದು ಬಾಗಿಲು ಹಾಕಿದಿರಿ. "ಆ ಪುಟ ಬೇಕಾದ್ರೆ ಇರ್ಲಿ. ಕೋಷ್ಟಕ ತೆಗಿ. ನಮ್ಮ ಲ್ಯಾಬ್ ಯಾರು ಕಟ್ಟಿಸಿಕೊಟ್ಟದ್ದು ಅಂತ ಗೊತ್ತುಂಟಲ್ಲ? ಮತ್ತೆ ನಿನ್ನ ಡಿಗ್ರಿ ಬಗ್ಗೆ ನನ್ನತ್ರ ಕೇಳ್ಬೇಡ."

ಎಂಥ ಸ್ಪಷ್ಟ ಬೋಧನೆ! ಕಣ್ಣೀರಿಗೆ ನಿಮ್ಮ ಆಕ್ಷೇಪವೇ ಇರಲಿಲ್ಲ, ಆಕ್ಷೇಪವಿದ್ದದ್ದು ಲೆಕ್ಕಕ್ಕೆ. ವಿಮಾನ ಸಂಸ್ಥೆಯೊಂದು ಕಟ್ಟಿಸಿಕೊಟ್ಟ ಕೋಣೆಯಲ್ಲಿ ವಿಮಾನ ದರದ ಬಗ್ಗೆ ಮಾತ್ರ ಸಂಶೋಧನೆ ಕೂಡದೆಂದರೆ, ಅದನ್ನು ಪ್ರಯೋಗಾಲಯ ಎನ್ನಬೇಕೋ, ಜಾಹೀರಾತು ಶಾಖೆ ಎನ್ನಬೇಕೋ? ಮರುವಾರ ನನ್ನ ಇಂಟರ್ನ್‌ಶಿಪ್ ರದ್ದಾಯಿತು. ಮೌಖಿಕ ಪರೀಕ್ಷೆ "ಅನಿರ್ದಿಷ್ಟ ಕಾಲ" ಮುಂದಕ್ಕೆ ಹೋಯಿತು. ಬೇಡಿಕೆ, ಪೂರೈಕೆಗಳ ಇಷ್ಟು ಚುರುಕಾದ ಹೊಂದಾಣಿಕೆಯನ್ನು ಯಾವ ಪಠ್ಯಪುಸ್ತಕದಲ್ಲೂ ನಾನು ಓದಿಲ್ಲ.

ನನ್ನ ತಂದೆ ವಿಕ್ಟರ್, ಕಚೇರಿ ಕೆಲಸ ಮಾಡುತ್ತಾ ನನ್ನನ್ನು ಓದಿಸಿದವರು, "ಮೊದಲು ಡಿಗ್ರಿ ತಕೊ, ಮತ್ತೆ ನ್ಯಾಯ ಮಾತಾಡು" ಎಂದರು. ಅವರ ಭಯ ನನಗೆ ಅರ್ಥವಾಗುತ್ತದೆ. ಹೆಚ್ಚು ನೋವಾದದ್ದು ಊರಿಂದ ಮರಳಿದ ಆಸಿಯಮ್ಮ ನಮ್ಮ ಮನೆಗೆ ಬಂದಾಗ.

"ನನ್ನಿಂದ ನಿನ್ನ ಓದು ಹಾಳಾಗುವುದು ಬೇಡ ಮಗಳೇ. ನನ್ನ ಹೆಸರು ತೆಗಿ."

ನಿಮಗಿರುವ ಹೆದರಿಕೆ ಅವರ ಹೆಸರಿನದ್ದಲ್ಲ, ನನ್ನ ಕೋಷ್ಟಕಗಳದ್ದು ಎಂದು ವಿವರಿಸಿದೆ.

"ಹಾಗಾದ್ರೆ ಒಂದಕ್ಷರ ತೆಗೀಬೇಡ," ಎಂದರು. "ಉಮ್ಮನ ಮುಖ ನನಗಂತೂ ಸಿಗ್ಲಿಲ್ಲ. ಇನ್ನೊಬ್ಬಳಿಗಾದ್ರೂ ತಾಯಿಯ ಮುಖ ಸಿಗ್ಲಿ."

ಆದ್ದರಿಂದ ನನ್ನ ಬೇಡಿಕೆ ಇಷ್ಟೇ, ಮತ್ತು ಇದೂ ಕುಗ್ಗುವ ಬೇಡಿಕೆಯಲ್ಲ. ನನ್ನ ಮೌಖಿಕ ಪರೀಕ್ಷೆಗೆ ದಿನ ಗೊತ್ತುಮಾಡಿ, ಹೊರಗಿನ ಪರೀಕ್ಷಕರನ್ನು ಕರೆಸಿ, ಬಾಗಿಲು ತೆರೆದಿಡಿ. ನನ್ನ ಲೆಕ್ಕ ತಪ್ಪಿದ್ದರೆ ಎಲ್ಲರೆದುರು ತೋರಿಸಿ ಫೇಲ್ ಮಾಡಿ, ತಲೆಬಾಗುತ್ತೇನೆ. ಸರಿಯಿದ್ದರೆ ಪದವಿ ಕೊಡಿ. ಎರಡಕ್ಕೂ ಧೈರ್ಯವಿಲ್ಲದಿದ್ದರೆ ವಿಭಾಗದ ಹೆಸರಿನಿಂದ ಅರ್ಥಶಾಸ್ತ್ರ ಎಂಬ ಪದವನ್ನಾದರೂ ತೆಗೆಯಿರಿ.

ಇಂತಿ, ನೀವು ಕಲಿಸಿದ್ದನ್ನು ನಂಬಿ ಕೆಟ್ಟ,
ಜೊವಿಟಾ
ದಾರ್ಸೈಟ್, ಮಸ್ಕತ್