ಮೋತ್ಯಾನ ಕಾಲಿಗೆ ಕಾಸಿದ ಎಣ್ಣೆ

ನಮ್ಮ ಮನೆಯವರಿಗೆ ನೀಲವ್ವ ಮಾಡುವ ಶರಣು.

ನೀವು ಹೋಗಿ ಎಂಟು ತಿಂಗಳಾಯಿತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇದು ಅಳುವ ಪತ್ರವಲ್ಲ, ಜಗಳದ ಪತ್ರ. ನೀವು ಇದ್ದಾಗಲೇ ಈ ಜಗಳ ಆಡಬೇಕೆಂದಿದ್ದೆ. ಹೆಂಡತಿ ನಾಯಿಯ ಮೇಲೆ ಹೊಟ್ಟೆಕಿಚ್ಚು ಪಡುತ್ತಾಳೆ ಎಂದು ನಗುತ್ತೀರೆಂದು ನಾಚಿ ಸುಮ್ಮನಿದ್ದೆ. ಈಗ ನಕ್ಕರೂ ನನಗೆ ಕೇಳಿಸುವುದಿಲ್ಲವಲ್ಲ.

ಹೋದ ಚಳಿಗಾಲದ ಒಂದು ಬೆಳಗು ನೆನಪಿದೆಯೇ? ಕುಸುಬಿ ಎಣ್ಣೆಗೆ ಅಜವಾನ ಹಾಕಿ ಕಾಸಿ ಕೊಡು ಎಂದಿರಿ. ಆ ವಾರವೆಲ್ಲ ನನ್ನ ಮೊಣಕಾಲು ಹಿಡಿದುಕೊಂಡಿತ್ತು. ಬೀಸುವ ಕಲ್ಲಿನ ಮುಂದೆ ಕೂತರೆ ಏಳಲು ಆಗುತ್ತಿರಲಿಲ್ಲ. ಅದು ನಿಮ್ಮ ಕಣ್ಣಿಗೂ ಬಿದ್ದಿತ್ತು. ಕೊನೆಗೂ ಇವರಿಗೆ ತಿಳಿಯಿತಲ್ಲ ಎಂದು ಹಿಗ್ಗಿ ಎಣ್ಣೆ ಕಾಸಿ ತಂದೆ. ಬಟ್ಟಲನ್ನು ನಿಮ್ಮ ಕೈಗೆ ಕೊಟ್ಟು, ಕಂಬಕ್ಕೆ ಆನಿಕೊಂಡು, ಸೀರೆಯನ್ನು ಮೊಣಕಾಲಿನ ತನಕ ಸರಿಸಿ ಕಾಲು ಚಾಚಿ ಕೂತೆ. ನೀವು ನನ್ನ ಕಾಲು ದಾಟಿ ಹೋಗಿ, ಕಟ್ಟೆಯ ಮೇಲೆ ಮಲಗಿದ್ದ ಮೋತ್ಯಾನ ಬಾಜು ಕೂತಿರಿ. ಅದರ ಹಿಂಗಾಲಿನ ಕೀಲಿಗೆ ಎಣ್ಣೆ ಸುರಿದು, ಎರಡೂ ಅಂಗೈಯಿಂದ ತಿಕ್ಕುತ್ತ, “ಭಾಳ ನೋಯಾಕತ್ತೈತೇನಪಾ?” ಎಂದು ಕೇಳಿದಿರಿ. ಮೂವತ್ತು ವರ್ಷದಲ್ಲಿ ನನ್ನನ್ನು ಆ ದನಿಯಲ್ಲಿ ಏನಾದರೂ ಕೇಳಿದ್ದಿರಾ? ಸೀರೆ ಇಳಿಬಿಟ್ಟು ಎದ್ದು ರೊಟ್ಟಿ ಬಡಿಯಲು ಹೋದೆ. ಅಂದು ನನ್ನ ರೊಟ್ಟಿ ಒಂದೂ ಉಬ್ಬಲಿಲ್ಲ, ನೀವು ಅದನ್ನೂ ಗಮನಿಸಲಿಲ್ಲ.

ಕಡಲೆ ಕೀಳುವ ದಿನಗಳಲ್ಲಿ ಹೊಲಕ್ಕೆ ಹೋಗುವಾಗಲೂ ಅದೇ ಕತೆ. ಮೋತ್ಯಾನಿಗೆ ನಡೆಯಲಾಗದು ಎಂದು ಅದನ್ನು ಎತ್ತಿ ಚಕ್ಕಡಿಯಲ್ಲಿ ಕೂರಿಸಿದಿರಿ, ಕೆಳಗೆ ಗೋಣಿಚೀಲ ಮಡಚಿ ಹಾಕಿದಿರಿ. ನಾನು ಹತ್ತಲು ಬಂದರೆ, ಎತ್ತುಗಳಿಗೆ ಭಾರ ಆಗುತ್ತದೆ, ನೀನು ಹಿಂದೆ ಬಾ ಎಂದಿರಿ. ತಲೆಯ ಮೇಲೆ ಬುತ್ತಿಗಂಟು, ಕಾಲ ಕೆಳಗೆ ಬಿರಿದ ಎರೆಭೂಮಿ. ಚಕ್ಕಡಿಯ ಹಿಂಬದಿಯಲ್ಲಿ ಕೂತ ಮೋತ್ಯಾ ದಾರಿಯುದ್ದಕ್ಕೂ ನನ್ನನ್ನೇ ನೋಡುತ್ತಿತ್ತು. ಆ ಮೋರೆ ಕಂಡು ನನಗೆ ಎಷ್ಟು ಉರಿಯಿತೆಂದರೆ... ಬಿಡಿ, ಈಗ ಹೇಳಿ ಏನು ಮಾಡುವುದು. ಸವತಿಯನ್ನು ತಂದಿದ್ದರೆ ಅವಳ ಜೊತೆ ನಾಲ್ಕು ಮಾತು ಆಡಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆ. ಬಾಯಿಲ್ಲದ ನಾಯಿಯ ಜೊತೆ ಏನು ಜಗಳವಾಡಲಿ?

ನಿಮ್ಮನ್ನು ಮಣ್ಣು ಮಾಡಿ ಬಂದ ದಿನ ಮೋತ್ಯಾ ಕಟ್ಟೆ ಬಿಟ್ಟು ಏಳಲಿಲ್ಲ. ಬಂದವರೆಲ್ಲ ಅದನ್ನು ನೋಡಿ ಲೊಚಗುಟ್ಟಿದರು. ಪಾಪ, ಮೂಕಪ್ರಾಣಿ ಎಷ್ಟು ಹಚ್ಚಿಕೊಂಡಿತ್ತು ಎಂದರು. ನಾನು ಹಚ್ಚಿಕೊಂಡಿರಲಿಲ್ಲವೇ? ನಿಮಗಾಗಿ ದುಃಖಪಡುವುದರಲ್ಲೂ ಜನ ನನಗಿಂತ ಮುಂದಿನ ಜಾಗವನ್ನು ಅದಕ್ಕೇ ಕೊಟ್ಟರು. ಆಮೇಲೆ ಅದಕ್ಕೆ ರೊಟ್ಟಿ ಹಾಕಿದೆ, ನೀರಿಟ್ಟೆ. ಎಣ್ಣೆಯನ್ನು ಮಾತ್ರ ಕಾಸಲಿಲ್ಲ.

ಈ ಸಲ ಚಳಿ ಶುರುವಾದ ವಾರ ಮೋತ್ಯಾನಿಗೆ ಹಿಂಗಾಲು ಊರಲು ಬಾರದಾಯಿತು. ಮಲಗಿದಲ್ಲೇ ಉಚ್ಚೆ ಹೊಯ್ದುಕೊಂಡು, ತಪ್ಪು ಮಾಡಿದಂತೆ ತಲೆ ತಗ್ಗಿಸುತ್ತಿತ್ತು. ನಿಮ್ಮ ತಮ್ಮ ಫಕೀರಪ್ಪ ಬಂದು ನೋಡಿ, ಕೀಲು ಹಿಡಿದ ಎತ್ತಿಗೆ ಬರೆ ಎಳೆಯುವುದಿಲ್ಲವೇ, ಇದಕ್ಕೂ ಎರಡು ಬರೆ ಎಳೆದರೆ ಎದ್ದು ನಿಲ್ಲುತ್ತದೆ ಎಂದ. ನಾನು ಹೂಂ ಅಂದೆ. ನೀವು ಇದ್ದಿದ್ದರೆ ಅವನನ್ನು ಕಟ್ಟೆ ಹತ್ತಗೊಡುತ್ತಿರಲಿಲ್ಲ, ಅದು ಗೊತ್ತಿದ್ದೂ ಅಂದೆ. ನೋವು ಹೋಗಲಿ ಎಂದು ಹೂಂ ಅಂದೆನೋ, ಅದಕ್ಕೂ ಸ್ವಲ್ಪ ಉರಿಯಲಿ ಎಂದು ಅಂದೆನೋ... ನಿಮ್ಮ ಮುಂದೆ ಸುಳ್ಳು ಹೇಳಲಾರೆ. ಎರಡನೆಯದೇ ಹೆಚ್ಚಿತ್ತು.

ಫಕೀರಪ್ಪ ಕುಡುಗೋಲಿನ ತುದಿಯನ್ನು ಕೆಂಪಗೆ ಕಾಸಿ ತಂದ. ಮೋತ್ಯಾನ ತಲೆ ಹಿಡಿಯುವ ಕೆಲಸ ನನ್ನದು. ಹಿಡಿಯಲೆಂದು ಅದರ ಬಾಜು ಕೂತೆ. ಅದಕ್ಕೆ ಏನು ತಿಳಿಯಬೇಕು? ಇಷ್ಟು ತಿಂಗಳ ಮೇಲೆ ತಿಕ್ಕುವವರು ಬಂದರು ಎಂದುಕೊಂಡಿತೋ ಏನೋ, ನೋಯುವ ಕಾಲನ್ನು ತಾನೇ ನನ್ನ ಕಡೆ ಚಾಚಿತು. ಕಾಲು ಚಾಚಿ ಕಾಯುವುದು ಎಂದರೇನು ಎಂದು ನನಗೆ ಯಾರಾದರೂ ಹೇಳಿಕೊಡಬೇಕೇ?

“ಬ್ಯಾಡೋ ಫಕೀರಪ್ಪ. ಅದನ್ನ ನೀರಾಗ ಅದ್ದು” ಎಂದೆ.

“ನೀವ ಹೂಂ ಅಂದಿದ್ರೆಲ್ಲ, ವೈನಿ.”

“ಅಂದಿದ್ದೆ. ತಪ್ಪಾತು.”

ಮರುದಿನ ಚಕ್ಕಡಿ ಕಟ್ಟಿಸಿ ಕುಂದಗೋಳದ ದನದ ದವಾಖಾನೆಗೆ ಹೋದೆವು. ಫಕೀರಪ್ಪ ಚಕ್ಕಡಿ ಹೊಡೆದ, ಮೋತ್ಯಾ ಗೋಣಿಯ ಮೇಲೆ, ಈ ಸಲ ನಾನೂ ಮೇಲೆಯೇ. ಡಾಕ್ಟರರು ಕಾಲು ಮಡಚಿ ಬಿಡಿಸಿ ನೋಡಿ, ಇದು ಮುಪ್ಪಿನ ಕೀಲುನೋವು, ಪೂರ್ತಿ ಹೋಗುವುದಿಲ್ಲ, ಕಡಿಮೆ ಮಾಡಬಹುದು ಎಂದರು. ಬರೆಯ ಮಾತು ಎತ್ತಿದ್ದಕ್ಕೆ ಫಕೀರಪ್ಪನಿಗೆ ಚೆನ್ನಾಗಿ ಬೈಗುಳ ಬಿತ್ತು. ನಾನು ಬೇರೆ ಕಡೆ ನೋಡುತ್ತ ನಿಂತೆ. ಏನು ತಿನ್ನಿಸುತ್ತೀರಿ ಎಂದು ಕೇಳಿಕೊಂಡು, ನಾಯಿಯ ಮೈ ಇಳಿಯಬೇಕು, ರೊಟ್ಟಿಯ ಮೇಲೆ ಬೆಣ್ಣೆ ಹಾಕುವುದನ್ನು ಬಿಡಿ ಎಂದರು. ಬರಿಗಲ್ಲಿನ ಮೇಲೆ ಮಲಗಿಸಬಾರದು, ಬೆಚ್ಚಗೆ ಶಾಖ ಕೊಟ್ಟು ಹಗುರವಾಗಿ ತಿಕ್ಕಬೇಕು, ದಿನಾ ಎರಡು ಸಲ ಸ್ವಲ್ಪ ದೂರ ನಡೆಸಬೇಕು. ಮನುಷ್ಯರ ನೋವಿನ ಗುಳಿಗೆಯನ್ನಂತೂ ಎಂದೂ ಕೊಡಕೂಡದು, ನಾಯಿಗೆ ಅದು ವಿಷವಂತೆ. ಬೆಣ್ಣೆಯ ರೂಢಿ ಹಚ್ಚಿದವರು ಯಾರೆಂದು ಅವರು ಕೇಳಲಿಲ್ಲ, ನೀವೇ ಎಂದು ನಾನೂ ಹೇಳಲಿಲ್ಲ.

ಹೊರಡುವಾಗ ಕಂಪೌಂಡರ್ ಚೀಟಿ ಬರೆಯಲು ಮಾಲಕರ ಹೆಸರು ಕೇಳಿದ. ಮದುವೆಯಾದಾಗಿನಿಂದ ನಾನು ಹೊರಗಿನವರ ಮುಂದೆ ನಿಮ್ಮ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ; ಎಲ್ಲಿ ಕೇಳಿದರೂ ಜೊತೆಗೆ ಬಂದವರು ಹೇಳುವುದೇ ರೂಢಿ. ಹಾಗೆಯೇ ಫಕೀರಪ್ಪ ನಿಮ್ಮ ಹೆಸರು ಹೇಳಲು ಬಾಯಿ ತೆರೆದ. ಅವನಿಗಿಂತ ಮೊದಲು ನಾನು ಹೇಳಿಬಿಟ್ಟೆ.

“ನೀಲವ್ವ ಅಂತ ಬರಕೊಳ್ರಿ. ನಾಯಿ ನಂದರಿ.”

ಈಗ ಭಾನುವಾರ ಬೆಳಗ್ಗೆ ಓಣಿಯವರೆಲ್ಲ ಕಿರಾಣಿ ಅಂಗಡಿಯವರ ಮನೆಗೆ ಟೀವಿ ನೋಡಲು ಓಡುತ್ತಾರೆ. ನನಗೆ ಅದಕ್ಕೆ ಪುರಸೊತ್ತಿಲ್ಲ. ಎಣ್ಣೆ ಕಾಸಿ ಮೊದಲು ನನ್ನ ಮೊಣಕಾಲಿಗೆ ಹಚ್ಚಿಕೊಳ್ಳುತ್ತೇನೆ, ಆಮೇಲೆ ಮೋತ್ಯಾನ ಕಾಲಿಗೆ. ಆ ಸರದಿ ಮಾತ್ರ ತಪ್ಪಿಸುವುದಿಲ್ಲ, ನೀವು ಏನೇ ಅಂದುಕೊಳ್ಳಿ.

ಮೊನ್ನೆ ಸಂಶಿಯ ಸಂತೆ ಮುಗಿಸಿ ಬಸ್ಸಿಳಿದು ಬರುತ್ತಿದ್ದೆ. ಮೋತ್ಯಾ ತಾನೊಂದೇ ಕುಂಟುತ್ತ ಕುಂಟುತ್ತ ಓಣಿಯ ತುದಿಯವರೆಗೆ ಬಂದು ನಿಂತಿತ್ತು. ಅದರ ಕಾಲು ಹಿಡಿದುಕೊಂಡ ಮೇಲೆ ನಿಮಗಾಗಿ ಅದು ಯಾವತ್ತಾದರೂ ಅಷ್ಟು ದೂರ ಬಂದಿತ್ತೇ? ನನಗಾಗಿ ಬಂತು. ನನ್ನ ಹೊಟ್ಟೆಕಿಚ್ಚು ಅಲ್ಲಿಗೆ ತೀರಿತು. ಇನ್ನು ಪಡುವುದಿದ್ದರೆ ನೀವು ಪಡಿರಿ.